ಕೊಳವೆಯೊಳಗಿನ ನೀರು ಯಾರದ್ದು?

2014ರ ಜೂನ್ 27ರ ಮುಂಜಾನೆ ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಾಗರಂ ಎಂಬ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಸಿಡಿಯಿತು. ಊರು ಇನ್ನೂ ಸರಿಯಾಗಿ ಎದ್ದಿರಲಿಲ್ಲ. ಸೋರಿದ ಅನಿಲ ಮನೆಗಳ ನಡುವೆ, ತೆಂಗಿನ ತೋಟಗಳಲ್ಲಿ ಹರಡಿಕೊಂಡಿತ್ತು. ಚಹಾ ಅಂಗಡಿಯವರೊಬ್ಬರು ಒಲೆ ಹಚ್ಚಿದಾಗ ಬೆಂಕಿ ಹೊತ್ತಿಕೊಂಡಿತು ಎಂದು ಆಗಿನ ಪತ್ರಿಕೆಗಳು ಬರೆದವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮನೆಗಳು, ವಾಹನಗಳು, ತೆಂಗಿನ ಮರಗಳು ಸುಟ್ಟು ಕರಕಲಾದವು. ಸೋರಿಕೆಯ ಬಗ್ಗೆ ಮೊದಲೇ ದೂರಿದ್ದೆವು ಎಂದು ಊರವರು ಹೇಳಿದರು.

ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ, ಈ ಸುದ್ದಿಯ ನೆನಪೇ ಇಲ್ಲ. ಐದನೇ ಸೆಮಿಸ್ಟರ್‌ನ ಸೆಮಿನಾರಿಗೆ ವಿಷಯ ಹುಡುಕುವಾಗ ಇದು ಸಿಕ್ಕಿತು. ಓದುತ್ತಾ ಹೋದಂತೆ ಬೆಂಕಿಗಿಂತ ಅದರ ಹಿಂದಿನ ಕಾರಣವೇ ಹೆಚ್ಚು ಕಾಡಿತು. ಭಯೋತ್ಪಾದಕರ ಕೈವಾಡವಿರಲಿಲ್ಲ, ಭೂಕಂಪ ಆಗಿರಲಿಲ್ಲ. ಪೆಟ್ರೋಲಿಯಂ ಸಚಿವಾಲಯ ನೇಮಿಸಿದ ತನಿಖಾ ಸಮಿತಿ ಕಂಡುಕೊಂಡದ್ದು ಬಹಳ ಸರಳ ಸಂಗತಿ: ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ವರ್ಷಗಟ್ಟಲೆ ಹಸಿ ಅನಿಲ ಹರಿದಿತ್ತು. ಅದರ ಜೊತೆ ಬಂದ ನೀರು ಉಕ್ಕನ್ನು ಒಳಗಿನಿಂದ ತಿಂದಿತ್ತು. ತುಕ್ಕು, ಅಷ್ಟೇ.

ಬಿಇ ಓದುವವರಿಗೆಲ್ಲ ತುಕ್ಕು ಗೊತ್ತು. ಮೊದಲ ವರ್ಷದ ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ಅದಕ್ಕೊಂದು ಜಾಗ ಇದ್ದೇ ಇರುತ್ತದೆ. 'ಡಿಫರೆನ್ಶಿಯಲ್ ಏರೇಷನ್ ಕರೋಷನ್ ವಿವರಿಸಿ' ಎಂಬ ಪ್ರಶ್ನೆಗೆ ನೀರಿನ ಹನಿಯ ಚಿತ್ರ ಬರೆದು, ಆನೋಡ್ ಇಲ್ಲಿ, ಕ್ಯಾಥೋಡ್ ಅಲ್ಲಿ ಎಂದು ಬಾಣ ಹಾಕಿ ಅಂಕ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಆ ಹನಿಯೇ ನಾಗರಂನಲ್ಲಿ ಹದಿನೆಂಟು ಇಂಚಿನ ಕೊಳವೆಯ ತಳದಲ್ಲಿ ಕೂತಿತ್ತು.

ಬಾವಿಯಿಂದ ಹೊರಬರುವ ನೈಸರ್ಗಿಕ ಅನಿಲ ನಮ್ಮ ಒಲೆಗೆ ಬರುವ ಅನಿಲದಂತೆ ಶುದ್ಧವಾಗಿರುವುದಿಲ್ಲ. ಮಿಥೇನ್ ಜೊತೆಗೆ ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್, ಕೆಲವು ಕಡೆ ಹೈಡ್ರೋಜನ್ ಸಲ್ಫೈಡ್, ಉಪ್ಪು, ಮರಳು, ಬ್ಯಾಕ್ಟೀರಿಯಾ ಎಲ್ಲವೂ ಇರುತ್ತವೆ. ಕಾರ್ಬನ್ ಡೈಆಕ್ಸೈಡ್ ಒಣಗಿದ್ದರೆ ಉಕ್ಕಿಗೆ ಏನೂ ಮಾಡುವುದಿಲ್ಲ. ನೀರು ಸಿಕ್ಕರೆ ಕಾರ್ಬಾನಿಕ್ ಆಮ್ಲ ಆಗುತ್ತದೆ. ನಾವು ಕುಡಿಯುವ ಸೋಡಾದಲ್ಲಿರುವುದೂ ಅದೇ. ನಾಲಿಗೆಗೆ ಚುರುಕು, ಉಕ್ಕಿಗೆ ಗೆದ್ದಲು. ಆದ್ದರಿಂದ ಅನಿಲವನ್ನು ದೂರ ಸಾಗಿಸುವ ಮೊದಲು ಅದರ ನೀರನ್ನು ತೆಗೆಯಲೇಬೇಕು. ಸಾಮಾನ್ಯವಾಗಿ ಒಂದು ಎತ್ತರದ ಗೋಪುರದಲ್ಲಿ ಅನಿಲ ಕೆಳಗಿನಿಂದ ಏರುತ್ತದೆ, ಟ್ರೈಎಥಿಲೀನ್ ಗ್ಲೈಕಾಲ್ ಎಂಬ ದ್ರವ ಮೇಲಿನಿಂದ ಇಳಿಯುತ್ತದೆ. ನೀರು ಗ್ಲೈಕಾಲ್‌ಗೆ ಅಂಟಿಕೊಂಡು ಕೆಳಗೆ ಬರುತ್ತದೆ. ಗ್ಲೈಕಾಲನ್ನು ಕಾಯಿಸಿ ನೀರು ಹಾರಿಸಿ ಮತ್ತೆ ಬಳಸುತ್ತಾರೆ. ಅಮೆರಿಕದಲ್ಲಿ ವಾಡಿಕೆಯಲ್ಲಿರುವ ಮಿತಿ ಹತ್ತು ಲಕ್ಷ ಘನ ಅಡಿ ಅನಿಲಕ್ಕೆ 7 ಪೌಂಡ್ ನೀರು. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ದಶಕಗಳಿಂದ ಬಳಕೆಯಲ್ಲಿರುವ ವಿಧಾನ.

ಹಾಗಾದರೆ ನಾಗರಂನಲ್ಲಿ ಏಕೆ ಆಗಲಿಲ್ಲ? ಕೃಷ್ಣಾ–ಗೋದಾವರಿ ಕಣಿವೆಯಲ್ಲಿ ಅನಿಲ ತೆಗೆಯುವವರು ಒಎನ್‌ಜಿಸಿ, ಕೊಳವೆಯಲ್ಲಿ ಸಾಗಿಸುವವರು ಗೇಲ್. ಎರಡೂ ಸರ್ಕಾರಿ ಕಂಪನಿಗಳು, ಎರಡರಲ್ಲೂ ದೇಶದ ಒಳ್ಳೆಯ ಎಂಜಿನಿಯರುಗಳಿದ್ದಾರೆ. ತಾಟಿಪಾಕದಿಂದ ಕೊಂಡಪಲ್ಲಿಯ ವಿದ್ಯುತ್ ಸ್ಥಾವರದ ಕಡೆ ಹೋಗುವ ಆ ಕೊಳವೆಗೆ ಅನಿಲ ಒಣಗಿಸಿ ಕೊಡುವ ವ್ಯವಸ್ಥೆ ಇರಲಿಲ್ಲ. ಬಾವಿಯ ಗೇಟಿನಿಂದ ಕೊಳವೆಯ ಗೇಟಿಗೆ ಅನಿಲದ ಜೊತೆ ನೀರೂ ದಾಟಿತು. ನನಗೆ ಕಾಣುವಂತೆ ಇಲ್ಲಿ ಸೋತದ್ದು ರಸಾಯನಶಾಸ್ತ್ರ ಅಲ್ಲ, ಹಸ್ತಾಂತರ. ಮೀಟರಿನಲ್ಲಿ ಅನಿಲದ ಲೆಕ್ಕ ಇರುತ್ತದೆ, ಬಿಲ್ ಆಗುತ್ತದೆ. ಅದರೊಂದಿಗೆ ಬಂದ ನೀರಿಗೆ ಬಿಲ್ ಇಲ್ಲ, ಹಾಗಾಗಿ ವಾರಸುದಾರರೂ ಇಲ್ಲ. ಎರಡು ಮನೆಗಳ ನಡುವಿನ ಚರಂಡಿಯಂತೆ.

ಇದರ ವೇಗವನ್ನು ಒಂದು ಚಿಕ್ಕ ಲೆಕ್ಕದಿಂದ ನೋಡಬಹುದು. ಕೊಳವೆಯ ಗೋಡೆ 8 ಮಿಲಿಮೀಟರ್ ದಪ್ಪ ಎಂದುಕೊಳ್ಳಿ. ನೀರು ನಿಂತ ಜಾಗದಲ್ಲಿ ವರ್ಷಕ್ಕೆ ಅರ್ಧ ಮಿಲಿಮೀಟರ್ ಸವೆದರೆ ಎಂಟು ವರ್ಷಕ್ಕೆ ಅರ್ಧ ಗೋಡೆ ಮಾಯ. ಹೊರಗಿನಿಂದ ಪೇಂಟ್ ಹೊಸದಾಗಿಯೇ ಇರುತ್ತದೆ, ಒತ್ತಡದ ಮಾಪಕ ಎಂದಿನಂತೆಯೇ ತೋರಿಸುತ್ತದೆ. ಪಠ್ಯದ ಲೆಕ್ಕದಲ್ಲಿ ನಾವು ಇಡೀ ಹಾಳೆ ಸಮನಾಗಿ ಸವೆಯುತ್ತದೆ ಎಂದು ಭಾವಿಸುತ್ತೇವೆ. ನಿಜವಾದ ಕೊಳವೆ ಹಾಗೆ ಸವೆಯುವುದಿಲ್ಲ. ಸಾವಿರ ಮೀಟರ್ ಚೆನ್ನಾಗಿದ್ದು, ತಗ್ಗಿನಲ್ಲಿರುವ ಒಂದೇ ಒಂದು ಮೀಟರ್‌ನಲ್ಲಿ ಗುಳಿ ಬಿದ್ದಿರುತ್ತದೆ. ಸರಾಸರಿ ನೋಡಿದರೆ ಕೊಳವೆಗೆ ನೂರಕ್ಕೆ ತೊಂಬತ್ತೊಂಬತ್ತು ಅಂಕ. ಸಿಡಿಯುವುದು ಆ ಉಳಿದ ಒಂದರಲ್ಲಿ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕಾರ್ಲ್ಸ್‌ಬ್ಯಾಡ್ ಬಳಿ 2000ನೇ ಇಸವಿಯ ಆಗಸ್ಟ್ 19ರಂದು ನಡೆದದ್ದು ಇದೇ. ಎಲ್ ಪಾಸೊ ಕಂಪನಿಯ 30 ಇಂಚಿನ ಕೊಳವೆ ಪೆಕೋಸ್ ನದಿಯ ಪಕ್ಕದಲ್ಲಿ ಒಡೆಯಿತು. ನದಿ ದಂಡೆಯಲ್ಲಿ ಡೇರೆ ಹಾಕಿಕೊಂಡಿದ್ದ ಒಂದೇ ಬಳಗದ 12 ಮಂದಿ ಸತ್ತರು. 55 ನಿಮಿಷ ಬೆಂಕಿ ಉರಿಯಿತು. ನೆಲದಲ್ಲಿ 113 ಅಡಿ ಉದ್ದ, 51 ಅಡಿ ಅಗಲದ ಹೊಂಡ ಬಿತ್ತು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತುಂಡುಗಳನ್ನು ಅಳೆದಾಗ ಒಂದು ಕಡೆ ಗೋಡೆಯ ಶೇ 72ರಷ್ಟು ಸವೆದುಹೋಗಿತ್ತು. ಆ ಕೊಳವೆಯಲ್ಲಿ ನೀರು ಹಿಡಿದು ಹೊರಹಾಕಲು 'ಡ್ರಿಪ್' ಎಂಬ ಬಲೆಯೂ ಇತ್ತು. ಅದು ಭಾಗಶಃ ಕಟ್ಟಿಕೊಂಡು, ಸ್ವಲ್ಪ ದ್ರವ ಅದನ್ನು ದಾಟಿ ಮುಂದಿನ ತಗ್ಗಿನಲ್ಲಿ ನಿಂತಿತು. ಒಳಗನ್ನು ಕೆರೆದು ತೊಳೆಯುವ 'ಪಿಗ್' ಎಂಬ ಸಾಧನವನ್ನು ಆ ಭಾಗದಲ್ಲಿ ಓಡಿಸುವಂತಿರಲಿಲ್ಲ.

ಪಿಗ್ ಎಂದರೆ ಹಂದಿಯೇ. ಕೊಳವೆಯೊಳಗೆ ಹೋಗುವಾಗ ಕೀರಲು ದನಿ ಮಾಡುತ್ತದೆ ಎಂಬ ಕಾರಣಕ್ಕೆ ಈ ಹೆಸರು ಬಂತು ಎನ್ನುತ್ತಾರೆ. ಅನಿಲದ ಒತ್ತಡವೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಸಾಧಾರಣ ಪಿಗ್ ನೀರು, ಕೆಸರು ತಳ್ಳುತ್ತದೆ. ಬುದ್ಧಿವಂತ ಪಿಗ್ ಬಲವಾದ ಅಯಸ್ಕಾಂತಗಳನ್ನು ಹೊತ್ತು ಹೋಗುತ್ತದೆ. ಗೋಡೆ ತೆಳುವಾದ ಕಡೆ ಅಯಸ್ಕಾಂತದ ಸೆಳೆತ ಹೊರಗೆ ಸೋರುತ್ತದೆ, ಸಂವೇದಕಗಳು ಅದನ್ನು ಬರೆದುಕೊಳ್ಳುತ್ತವೆ. ನೂರಾರು ಕಿಲೋಮೀಟರ್ ಸಾಗಿ ಬಂದ ಮೇಲೆ ಎಲ್ಲಿ, ಎಷ್ಟು ಸವೆದಿದೆ ಎಂಬ ಜಾತಕ ಸಿಗುತ್ತದೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಂಡಿಯನ್ ಆಯಿಲ್ ಸೇರಿ ಇಂಥ ಪಿಗ್ ಅನ್ನು ದೇಶದಲ್ಲೇ ತಯಾರಿಸಿವೆ. ಇದು ಕಂಪ್ಯೂಟರ್ ಸೈನ್ಸ್ ಗೆಳೆಯರಿಗೂ ಕೆಲಸ ಇರುವ ಜಾಗ. ಆ ರಾಶಿ ದತ್ತಾಂಶದಲ್ಲಿ ಬೆಸುಗೆ ಯಾವುದು, ಗುಳಿ ಯಾವುದು ಎಂದು ಬೇರ್ಪಡಿಸುವುದು ಮನುಷ್ಯರೊಬ್ಬರ ಕಣ್ಣಿಗೆ ಸುಲಭವಲ್ಲ.

ಕಾರ್ಲ್ಸ್‌ಬ್ಯಾಡ್ ಸಾವುಗಳ ನಂತರ ಅಮೆರಿಕ 2002ರಲ್ಲಿ ಕೊಳವೆ ಸುರಕ್ಷತೆಯ ಹೊಸ ಕಾನೂನು ತಂದಿತು. ಜನವಸತಿ ಇರುವ ಕಡೆ ಕಾಲಕಾಲಕ್ಕೆ ಕೊಳವೆಯ ಆರೋಗ್ಯ ಪರೀಕ್ಷೆ ಕಡ್ಡಾಯವಾಯಿತು. ನಮ್ಮಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ 2012ರಲ್ಲೇ ಇಂಥ ನಿಯಮ ಮಾಡಿತ್ತು. ನಾಗರಂ ಆದದ್ದು 2014ರಲ್ಲಿ. ನಿಯಮ ಪುಸ್ತಕಕ್ಕೂ ನೆಲದಡಿಯ ಉಕ್ಕಿಗೂ ಎಷ್ಟು ದೂರ ಎಂಬುದನ್ನು ಈ ಎರಡು ಇಸವಿಗಳೇ ಹೇಳುತ್ತವೆ.

ಜಾಗರೂಕತೆಗೆ ದುಡ್ಡು ಸುರಿದರೂ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಝಾಕಿಸ್ತಾನದ ಕಶಗಾನ್ ಇದೆ. ಕ್ಯಾಸ್ಪಿಯನ್ ಸಮುದ್ರದ ಈ ಕ್ಷೇತ್ರದ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ವಿಪರೀತ. ಜಗತ್ತಿನ ಅತಿ ದುಬಾರಿ ಯೋಜನೆಗಳಲ್ಲಿ ಒಂದೆನಿಸಿದ ಅದು 2013ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಕೆಲವೇ ವಾರಗಳಲ್ಲಿ ನಿಂತಿತು. ಗಂಧಕದ ಅನಿಲ ಉಕ್ಕಿನೊಳಗೆ ಹೈಡ್ರೋಜನ್ ತೂರಿಸಿ ಸಣ್ಣ ಬಿರುಕುಗಳನ್ನು ಎಬ್ಬಿಸಿತ್ತು. ಸಮುದ್ರದಿಂದ ದಡಕ್ಕೆ ಬರುವ ಕೊಳವೆಗಳನ್ನೇ ಬದಲಿಸಬೇಕಾಯಿತು. ಮತ್ತೆ ಉತ್ಪಾದನೆ ಆರಂಭವಾದದ್ದು 2016ರಲ್ಲಿ.

ಈಗ ನಮ್ಮ ರಾಜ್ಯಕ್ಕೆ ಬರೋಣ. ನಾಗರಂ ಕಥೆ ಕೇಳಿದ ಗೆಳೆಯರೆಲ್ಲ ಮೊದಲು ಕೇಳಿದ್ದು 'ನಮ್ಮ ಕಡೆಯೂ ಹೀಗೆ ಆಗುತ್ತಾ?' ಎಂದು. ದಾಭೋಲ್–ಬೆಂಗಳೂರು ಕೊಳವೆ 2013ರಲ್ಲಿ ಚಾಲನೆಗೆ ಬಂತು. ಬೆಳಗಾವಿ, ಧಾರವಾಡದಿಂದ ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುತ್ತದೆ. ಸುಮಾರು 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆಯನ್ನು 2021ರ ಜನವರಿ 5ರಂದು ಪ್ರಧಾನಿ ಉದ್ಘಾಟಿಸಿದರು. ದೇಶದ ಇಂಧನ ಬಳಕೆಯಲ್ಲಿ ಅನಿಲದ ಪಾಲನ್ನು 2030ರ ಹೊತ್ತಿಗೆ ಶೇ 15ಕ್ಕೆ ಏರಿಸುವ ಗುರಿ ಕೇಂದ್ರ ಸರ್ಕಾರದ್ದು. ಅಂದರೆ ಇನ್ನಷ್ಟು ಕೊಳವೆಗಳು ಬರುತ್ತವೆ.

ಮೊದಲ ಉತ್ತರ ಸಮಾಧಾನದ್ದೇ. ದಾಭೋಲ್, ಕೊಚ್ಚಿ ಎರಡೂ ಹಡಗಿನಲ್ಲಿ ಬರುವ ದ್ರವೀಕೃತ ಅನಿಲದ ಬಂದರುಗಳು. ಅನಿಲವನ್ನು ದ್ರವ ಮಾಡಲು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು. ಅಷ್ಟು ಚಳಿಯಲ್ಲಿ ನೀರೂ, ಕಾರ್ಬನ್ ಡೈಆಕ್ಸೈಡೂ ಗಟ್ಟಿಯಾಗಿ ಯಂತ್ರವನ್ನೇ ಕಟ್ಟಿಹಾಕುತ್ತವೆ. ಹಾಗಾಗಿ ಅವನ್ನು ಮೊದಲೇ ತೆಗೆದಿರುತ್ತಾರೆ. ಹೀಗೆ ಬಂದ ಅನಿಲ ಗೋದಾವರಿ ಬಾವಿಯ ಅನಿಲಕ್ಕಿಂತ ಎಷ್ಟೋ ಒಣ. ಒಳಗಿನ ತುಕ್ಕಿನ ಭಯ ಇಲ್ಲಿ ಕಡಿಮೆ. ಕೊಳವೆ ಹಾಕಿದ ಹೊಸದರಲ್ಲಿ ಗಟ್ಟಿತನ ಪರೀಕ್ಷಿಸಲು ತುಂಬಿದ ನೀರನ್ನು ಪೂರ್ತಿ ಹೊರಹಾಕಿ ಒಣಗಿಸಿದ್ದರೆ ಸಾಕು.

ನಮ್ಮ ಆತಂಕ ಇರುವುದು ಹೊರಮೈಯಲ್ಲಿ. ಮಣ್ಣಿನಲ್ಲಿ ತೇವ ಇದೆ, ಉಪ್ಪು ಇದೆ, ಕರಾವಳಿಯಲ್ಲಿ ತಿಂಗಳುಗಟ್ಟಲೆ ಮಳೆ ಇದೆ. ಇದಕ್ಕೆ ಎರಡು ಕವಚಗಳು. ಒಂದು, ಮೂರು ಪದರದ ಪಾಲಿಎಥಿಲೀನ್ ಹೊದಿಕೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೆ ಅದಕ್ಕೆ ಈ ಉದ್ಯಮದವರು 'ಹಾಲಿಡೇ' ಎನ್ನುತ್ತಾರೆ. ನಮಗೆ ಹಾಲಿಡೇ ಎಂದರೆ ಖುಷಿ, ಅವರಿಗೆ ತಲೆನೋವು. ಕೊಳವೆ ಹೂಳುವ ಮುಂಚೆ ವಿದ್ಯುತ್ ಕಿಡಿ ಹಾಯಿಸಿ ಈ ರಜೆಗಳನ್ನು ಹುಡುಕುತ್ತಾರೆ.

ಎರಡನೆಯದು ಕ್ಯಾಥೋಡಿಕ್ ಪ್ರೊಟೆಕ್ಷನ್. ಇದರ ಮೂಲ 1824ರಷ್ಟು ಹಳೆಯದು. ಬ್ರಿಟಿಷ್ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದಲ್ಲಿ ಸವೆಯುತ್ತಿದ್ದಾಗ ಹಂಫ್ರಿ ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿದ. ತುಂಡು ಸವೆಯಿತು, ತಾಮ್ರ ಉಳಿಯಿತು. ಆದರೆ ಕರಗುವ ತಾಮ್ರದ ವಿಷ ಇಲ್ಲವಾದ್ದರಿಂದ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮೆತ್ತಿಕೊಂಡು ಹಡಗು ನಿಧಾನವಾಯಿತು! ವಿಜ್ಞಾನ ಗೆದ್ದು ಯೋಜನೆ ಸೋತ ಉದಾಹರಣೆ. ಮುಂದೆ 1928ರಲ್ಲಿ ರಾಬರ್ಟ್ ಕುನ್ ಎಂಬ ಎಂಜಿನಿಯರ್ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅನಿಲ ಕೊಳವೆಗೆ ಇದನ್ನು ಅಳವಡಿಸಿದ. ಅಲ್ಲಿಂದ ಬಂದ ಮೈನಸ್ 0.85 ವೋಲ್ಟ್ ಎಂಬ ಅಳತೆಯನ್ನೇ ಇಂದೂ ಜಗತ್ತು ಬಳಸುತ್ತಿದೆ. ಕೊಳವೆಗೂ ಮಣ್ಣಿಗೂ ನಡುವಿನ ವಿಭವ ಇದಕ್ಕಿಂತ ಇನ್ನೂ ಋಣವಾಗಿರಬೇಕು. ಹಾಗೆಂದು ವಿಪರೀತ ಕೊಟ್ಟರೆ ಉಕ್ಕಿನ ಮೇಲೆ ಹೈಡ್ರೋಜನ್ ಎದ್ದು ಹೊದಿಕೆಯೇ ಕಳಚುತ್ತದೆ. ಉಪ್ಪಿನಂತೆ, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಈ ವಿದ್ಯುತ್ ಕವಚಕ್ಕೆ ನಗರಗಳಲ್ಲಿ ಒಬ್ಬ ಶತ್ರು ಇದ್ದಾನೆ. ಬೆಂಗಳೂರಿನ ಮೆಟ್ರೊ 750 ವೋಲ್ಟ್ ಡಿಸಿಯಲ್ಲಿ ಓಡುತ್ತದೆ. ಹಳಿಯ ಮೂಲಕ ಹಿಂದಿರುಗಬೇಕಾದ ಕರೆಂಟಿನ ಒಂದು ಪಾಲು ನೆಲಕ್ಕೆ ಸೋರಿದರೆ, ಹತ್ತಿರದಲ್ಲಿರುವ ಉಕ್ಕಿನ ಕೊಳವೆ ಅದಕ್ಕೆ ಒಳದಾರಿ ಆಗುತ್ತದೆ. ಕರೆಂಟು ಕೊಳವೆಯಿಂದ ಹೊರಗೆ ಹಾರುವ ಜಾಗದಲ್ಲಿ ಉಕ್ಕು ಕರಗುತ್ತದೆ. ಡಿಸಿ ರೈಲು ಇರುವ ಜಗತ್ತಿನ ಎಲ್ಲ ನಗರಗಳಿಗೂ ಇದು ಗೊತ್ತಿರುವ ಸಮಸ್ಯೆ, ಪರಿಹಾರಗಳೂ ಇವೆ. ಆದರೆ ಪರಿಹಾರಕ್ಕೆ ರೈಲಿನವರು, ಅನಿಲದವರು, ನೀರಿನ ಕೊಳವೆಯವರು ಒಂದೇ ಮೇಜಿಗೆ ಬರಬೇಕು. ಮಳೆಗಾಲಕ್ಕೆ ಮುಂಚೆ ಡಾಂಬರು ಹಾಕಿ, ಮರುವಾರ ಅದನ್ನೇ ಅಗೆಯುವ ಊರಿನಲ್ಲಿ ಇದು ಸಣ್ಣ ನಿರೀಕ್ಷೆಯಲ್ಲ. ಮನೆಮನೆಗೆ ಹೋಗುವ ಸಣ್ಣ ಕೊಳವೆಗಳು ಪ್ಲಾಸ್ಟಿಕ್‌ನವು, ಅವಕ್ಕೆ ತುಕ್ಕಿಲ್ಲ. ಅವುಗಳ ಶತ್ರು ಜೆಸಿಬಿ.

ಚಿತ್ರದುರ್ಗ ಜಿಲ್ಲೆಯ ನಮ್ಮ ದೊಡ್ಡಪ್ಪನ ಹೊಲದಲ್ಲಿ ಇಂಥದೊಂದು ಕೊಳವೆ ಹಾದುಹೋಗಿದೆ. 1962ರ ಕಾಯ್ದೆಯ ಪ್ರಕಾರ ಜಮೀನು ರೈತನದ್ದೇ, ಬಳಸುವ ಹಕ್ಕು ಮಾತ್ರ ಕಂಪನಿಯದು. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹಕ್ಕಿಗೆ ಪ್ರತಿಯಾಗಿ ಕಾಯ್ದೆ ಹೇಳಿದ್ದು ಮಾರುಕಟ್ಟೆ ಬೆಲೆಯ ಶೇ 10. ಬೆಳೆ ನಷ್ಟದ ಪರಿಹಾರ ಬೇರೆ. ಅಡಿಕೆ ಹಾಕುವ ಆಸೆ ಬಿಟ್ಟು ಅಲ್ಲಿ ಶೇಂಗಾ ಬಿತ್ತುತ್ತಾರೆ. ಸೆಮಿನಾರಿಗೆ ಓದಿದ್ದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದಾಗ ಅವರು ಕೇಳಿದ್ದು ಒಂದೇ ಮಾತು: 'ಅದೆಲ್ಲ ಸರಿ ಮಗಾ, ಒಳಗೆ ಸವೆದೈತೆ ಅಂತ ಅವರಿಗೆ ಗೊತ್ತಾದ್ರೆ ನಮಗ್ಯಾರು ಹೇಳ್ತಾರೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕೊಳವೆಯ ಕಾವಲಿಗೆ ಲೈನ್ ವಾಕರ್‌ಗಳು ನಡೆಯುತ್ತಾರೆ, ಅಲ್ಲಲ್ಲಿ ಕಂಬಗಳಿವೆ, ಅವುಗಳಿಗೆ ಮೀಟರ್ ಜೋಡಿಸಿ ವೋಲ್ಟೇಜ್ ಬರೆದುಕೊಳ್ಳುತ್ತಾರೆ. ಆ ಕಂಬದ ಮುಂದೆ ದಿನವೂ ಉಳುವವನಿಗೆ ಆ ಅಂಕಿಯ ಅರ್ಥ ಯಾರೂ ಹೇಳುವುದಿಲ್ಲ. ಇನ್ನೊಂದು ವಿಷಯ ಹಳ್ಳಿಯವರಿಗೆ ಗೊತ್ತಿರಲೇಬೇಕು. ಅಡುಗೆ ಅನಿಲಕ್ಕೆ ಇರುವ ಕೆಟ್ಟ ವಾಸನೆ ನಾವು ಸೇರಿಸಿದ್ದು. ನಗರದ ವಿತರಣಾ ಜಾಲಕ್ಕೆ ಬರುವಾಗ ಮರ್ಕ್ಯಾಪ್ಟನ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಹೊಲಗಳ ಅಡಿ ದೂರದೂರಿಗೆ ಹೋಗುವ ದೊಡ್ಡ ಕೊಳವೆಯಲ್ಲಿ ಸಾಮಾನ್ಯವಾಗಿ ಆ ವಾಸನೆ ಇರುವುದಿಲ್ಲ. ಅಂದರೆ 'ವಾಸನೆ ಬಂದರೆ ತಿಳಿಸಿ' ಎಂಬ ಮಾತು ಬೆಂಗಳೂರಿನ ಫ್ಲ್ಯಾಟಿಗೆ ಸರಿ, ದೊಡ್ಡಪ್ಪನ ಹೊಲಕ್ಕೆ ಸಾಲದು. ಅಲ್ಲಿ ನೋಡಬೇಕಾದ ಗುರುತುಗಳು ಬೇರೆ: ಕಾರಣವಿಲ್ಲದೆ ಒಂದೇ ಕಡೆ ಒಣಗಿದ ಹುಲ್ಲು, ನಿಂತ ನೀರಿನಲ್ಲಿ ಗುಳ್ಳೆ, ನೆಲದಿಂದ ಹಿಸ್ಸೆಂಬ ಸದ್ದು, ಹಾರುವ ಧೂಳು. ಕಂಡರೆ ಬೀಡಿ ಹಚ್ಚದೆ, ಪಂಪ್‌ಸೆಟ್ ಸ್ವಿಚ್ ಮುಟ್ಟದೆ ದೂರ ಹೋಗಿ, ಕಂಬದ ಮೇಲಿನ ನಂಬರಿಗೆ ಫೋನ್ ಮಾಡಬೇಕು.

ಕಾರ್ಲ್ಸ್‌ಬ್ಯಾಡ್ ವರದಿಯನ್ನು ನಾನು ಹಾಸ್ಟೆಲ್ಲಿನ ಕೋಣೆಯಲ್ಲಿ ಕೂತು ಪೂರ್ತಿ ಓದಿದೆ. ಕೊಳವೆಯ ದಪ್ಪ, ಗುಳಿಯ ಆಳ, ಒಳಗೆ ಸಿಕ್ಕ ದ್ರವದ ವಿವರ, ಯಾರು ಯಾವ ಪರೀಕ್ಷೆ ಮಾಡಲಿಲ್ಲ ಎಂಬುದು, ಎಲ್ಲವೂ ಅದರಲ್ಲಿದೆ. ನಾಗರಂ ಬಗ್ಗೆ ನಾನು ಓದಿದ್ದು ಮಾತ್ರ ಪತ್ರಿಕೆಗಳಲ್ಲಿ ಬಂದಷ್ಟೇ. ಸಾವಿರಾರು ಮೈಲಿ ಆಚೆಯ ಅಪಘಾತದಿಂದ ಕಲಿತಷ್ಟು ಪಕ್ಕದ ರಾಜ್ಯದ ಅಪಘಾತದಿಂದ ಕಲಿಯಲು ಆಗದಿರುವುದು ವಿಚಿತ್ರ. ಭದ್ರತೆಯ ಕಾರಣಕ್ಕೆ ಕೊಳವೆಯ ನಕ್ಷೆ ಗುಟ್ಟಾಗಿಡಲಿ, ಒಪ್ಪೋಣ. ಆದರೆ ಈ ತಾಲ್ಲೂಕಿನ ಭಾಗದಲ್ಲಿ ಕೊನೆಯ ಪಿಗ್ ಓಡಿದ್ದು ಯಾವಾಗ, ದುರಸ್ತಿ ಬೇಕಾದ ಜಾಗಗಳೆಷ್ಟು, ಆದದ್ದೆಷ್ಟು ಎಂಬ ಮೂರು ಸಾಲನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ ಯಾವ ಭದ್ರತೆಗೂ ಧಕ್ಕೆ ಬರುವುದಿಲ್ಲ.

ಖರ್ಚಿನ ಮಾತು ಬರುತ್ತದೆ, ಗೊತ್ತು. ತುಕ್ಕು ತಡೆಯುವ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ 'ನೇಸ್' 2016ರಲ್ಲಿ ಮಾಡಿದ ಅಧ್ಯಯನ, ತುಕ್ಕಿನಿಂದ ಜಗತ್ತಿಗೆ ವರ್ಷಕ್ಕೆ 2.5 ಲಕ್ಷ ಕೋಟಿ ಡಾಲರ್ ನಷ್ಟ ಎಂದು ಅಂದಾಜಿಸಿತು. ಜಗತ್ತಿನ ಒಟ್ಟು ಉತ್ಪನ್ನದ ಶೇ 3.4. ಈಗ ಗೊತ್ತಿರುವ ವಿಧಾನಗಳನ್ನೇ ಸರಿಯಾಗಿ ಬಳಸಿದರೆ ಇದರಲ್ಲಿ ಶೇ 15ರಿಂದ 35 ಉಳಿಸಬಹುದು ಎಂದೂ ಹೇಳಿತು. ಹೊಸ ಸಂಶೋಧನೆಗೆ ಕಾಯಬೇಕಿಲ್ಲ.

ನಮ್ಮಂಥವರಿಗೆ ಇದರಲ್ಲಿ ಕೆಲಸವೂ ಇದೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಪಟ್ಟಿಯಲ್ಲಿ ಕಾಣದ ಕೆಲಸ. ಗೇಲ್‌ನಂಥ ಸಂಸ್ಥೆಗಳು ಗೇಟ್ ಅಂಕದ ಮೇಲೆ ಎಂಜಿನಿಯರುಗಳನ್ನು ತೆಗೆದುಕೊಳ್ಳುತ್ತವೆ. ನೇಸ್ 2021ರಲ್ಲಿ ಇನ್ನೊಂದು ಸಂಘದೊಡನೆ ಸೇರಿ 'ಆ್ಯಂಪ್' ಆಗಿದೆ, ಅದರ ಕ್ಯಾಥೋಡಿಕ್ ಪ್ರೊಟೆಕ್ಷನ್ ಮತ್ತು ಕೋಟಿಂಗ್ ತಪಾಸಣೆಯ ಪ್ರಮಾಣಪತ್ರಗಳಿಗೆ ಹಲವು ದೇಶಗಳಲ್ಲಿ ಬೆಲೆ ಇದೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಈ ವಿಷಯಕ್ಕೇ ಹೆಸರಾದದ್ದು. ಮೆಕ್ಯಾನಿಕಲ್, ಕೆಮಿಕಲ್, ಎಲೆಕ್ಟ್ರಿಕಲ್ ಯಾವ ಬ್ರ್ಯಾಂಚ್ ಆದರೂ ನಡೆಯುತ್ತದೆ. ಡಿಪ್ಲೊಮಾ ಮಾಡಿದವರಿಗೆ ಕಂಬದಿಂದ ಕಂಬಕ್ಕೆ ಅಳತೆ ತೆಗೆಯುವ ತಂತ್ರಜ್ಞರ ಕೆಲಸ ಇರುತ್ತದೆ. ಎಸಿ ಕೋಣೆ ಸಿಗುವುದಿಲ್ಲ, ಬಿಸಿಲು ಖಚಿತ.

ನನ್ನ ಸೆಮಿನಾರ್ ಮುಂದಿನ ತಿಂಗಳು. ಹದಿನೈದು ಸ್ಲೈಡ್‌ಗಳಲ್ಲಿ ಹದಿನಾಲ್ಕು ಆಗಿವೆ: ಗ್ಲೈಕಾಲ್ ಗೋಪುರ, ಪಿಗ್, ಮೈನಸ್ 0.85 ವೋಲ್ಟ್. ಹದಿನೈದನೆಯದಕ್ಕೆ ದೊಡ್ಡಪ್ಪನ ಪ್ರಶ್ನೆಯನ್ನು ಅವರ ಮಾತಿನಲ್ಲೇ ಹಾಕಿದ್ದೇನೆ. ಪ್ರಶ್ನೋತ್ತರಕ್ಕೆ ಐದು ನಿಮಿಷ ಇರುತ್ತದೆ.